ಶಸ್ತ್ರವಿಲ್ಲದ ಸಿಪಾಯಿಗಳು

ಕವಾಯತನ್ನು ಕಲಿಸುವುದು ಸುಲಭ. ಕಷ್ಟವನ್ನು ಸಹಿಸುವ ಬಗೆಯನ್ನು ಕಲಿಸುವುದು ಸುಲಭವಲ್ಲ. ೧೯೨೩ರ ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಈ ಮಾತು ಎಲ್ಲರಿಗೂ ಮನದಟ್ಟಾಯಿತು. ಸೆರೆಮನೆಯ ಬಾಧೆಯನ್ನು ತಾಳಲಾರದೆ ಹಲವರು ಕ್ಷಮೆ ಬೇಡಿ ಹೊರಬಂದರು. ಡಾ. ನಾ. ಸು. ಹರ್ಡೀಕರರು ಕಟ್ಟಿದ ಹುಬ್ಬಳ್ಳಿಯ ಸೇವಾಮಂಡಲದವರಾದರೋ ಕ್ಷಮಾಪತ್ರ ಬರೆಯಲೊಪ್ಪದೆ ಶಿಕ್ಷೆಯನ್ನೇ ಅನುಭವಿಸಿದರು.

ಧೈರ್ಯವು ಹುಟ್ಟುಗುಣ ಮಾತ್ರವಲ್ಲ, ಅಭ್ಯಾಸದಿಂದಲೂ ಬರತಕ್ಕದ್ದು. ಆದುದರಿಂದಲೇ ಅದೇ ವರುಷದ ಡಿಸೆಂಬರಿನಲ್ಲಿ, ಕಾಕಿನಾಡದ ಕಾಂಗ್ರೆಸ್ಸಿನ ಕಾಲಕ್ಕೆ, ಹಿಂದುಸ್ತಾನೀ ಸೇವಾದಳವು ಹುಟ್ಟಿತು. ಜವಾಹರಲಾಲ ನೆಹರೂ ಅವರು ಮೊದಲ ಅಧ್ಯಕ್ಷರಾದರು. ಹರ್ಡೀಕರರ ದುಡಿಮೆಗೆ ಹುಬ್ಬಳ್ಳಿಯೇ ನೆಲೆಯಾಯಿತು. ಶಿಬಿರಗಳಲ್ಲಿ ತರುಣರು ಸಾಲುಗಟ್ಟಿ ನಡೆಯುವುದನ್ನೂ, ಮೈ ದಣಿದರೂ ಅಪ್ಪಣೆಗೆ ಕಾಯುವುದನ್ನೂ ಕಲಿತರು.

ಇದು ಸೈನ್ಯವಾಗಿ ಬೆಳೆದು ಅಹಿಂಸೆಗೆ ಕುಂದು ತಂದೀತೆಂದು ಕಾಂಗ್ರೆಸ್ಸಿಗರಲ್ಲಿಯೇ ಹಲವರು ಶಂಕಿಸಿದರು. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ೧೯೨೪ರ ಬೆಳಗಾವಿ ಅಧಿವೇಶನವೇ ಅದಕ್ಕೆ ಉತ್ತರವಿತ್ತಿತು. ಅಲ್ಲಿ ಈ ಶಿಸ್ತು ಸೇವೆಯ ರೂಪವನ್ನು ತಾಳಿತು. ಉಮಾಬಾಯಿ ಕುಂದಾಪುರ ಅವರು ೧೫೦ಕ್ಕೂ ಮಿಕ್ಕಿದ ಸ್ತ್ರೀಯರನ್ನು ಸ್ವಯಂಸೇವಕಿಯರನ್ನಾಗಿ ಕೂಡಿಸಿದ್ದರು.

೧೯೩೧ರಲ್ಲಿ ಕಾಂಗ್ರೆಸ್ಸು ದಳವನ್ನು ತನ್ನದೇ ಅಂಗವಾಗಿ ಅಂಗೀಕರಿಸಿತು. ೧೯೩೨ರಲ್ಲಿ ಸರಕಾರವು ಅದನ್ನು ನಿಷೇಧಿಸಿತು. ಕೈಯಲ್ಲಿ ಬಂದೂಕವಿಲ್ಲದ ಸಾಲಿಗೂ ಆ ಪ್ರಭುತ್ವವು ಅಂಜಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.