ಯುದ್ಧಕಾಲದ ಎಣಿಕೆ, ಭದ್ರಾವತಿಯ ಕಬ್ಬಿಣ

ಸವಣೂರು ಸೀಮೆಯ ಯಲವಿಗಿಯಲ್ಲಿ ರೈಲುಬಂಡಿಯನ್ನೇರಿ ದಕ್ಷಿಣಕ್ಕೆ ಹೊರಟವರು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಬೀರೂರನ್ನು ಸೇರುತ್ತಾರೆ. ಅಲ್ಲಿಂದ ಶಿವಮೊಗ್ಗೆಯ ದಾರಿ ಹಿಡಿದರೆ ಭದ್ರಾವತಿ. ಹಿಂದಿನವರ ಬಾಯಲ್ಲಿ ಬೆಂಕೀಪುರ. ಕುಲುಮೆ ಹೊತ್ತುವ ಮೊದಲೇ ಊರಿಗೆ ಆ ಹೆಸರಿದ್ದುದು ಸೋಜಿಗವೇ ಸರಿ.

ಇಂಥ ರೈಲುದಾರಿಗಳ ಹಳಿಗಳು ಮೊದಲಿಗೆ ಬಹುಮಟ್ಟಿಗೆ ವಿಲಾಯಿತಿಯಿಂದಲೇ ಬರುತ್ತಿದ್ದವು. 1914ರಲ್ಲಿ ಮಹಾಯುದ್ಧವು ತೊಡಗಲು ಹಡಗುಗಳು ದುರ್ಲಭವಾದವು, ಕಬ್ಬಿಣದ ಬೆಲೆಯೇರಿತು. ಯುದ್ಧವೆಂದೊಡನೆ ನಾವು ಸೇನಾಪತಿಗಳನ್ನು ನೆನೆಯುತ್ತೇವೆ. ಅದಿರನ್ನು ಅಗೆಯಿಸುವ, ಲೋಹವನ್ನು ಕರಗಿಸುವ ಇಂಜಿನಿಯರನ್ನು ನೆನೆಯುವುದಿಲ್ಲ. ಆದರೆ ಆ ದಿನಗಳಲ್ಲಿ ಮೈಸೂರು ಸರ್ಕಾರವು ಸಲಹೆ ಕೇಳಿದ್ದು ಅಂಥವರನ್ನೇ. ಟಾಟಾ ಕಾರ್ಖಾನೆಗೆ ದುಡಿದಿದ್ದ ಅಮೆರಿಕದ ಚಾರ್ಲ್ಸ್ ಪೇಜ್ ಪೆರಿನ್ ಅವರಲ್ಲೊಬ್ಬರು.

ತೊಡಕು ಒಂದೇ. ಬಾಬಾಬುಡನ್ ಗಿರಿಗಳಲ್ಲಿ ಅದಿರು ಹೇರಳ, ಸಂಸ್ಥಾನದಲ್ಲಿ ಕಲ್ಲಿದ್ದಲು ಮಾತ್ರ ಇಲ್ಲ. ಇದ್ದುದು ಮಲೆನಾಡಿನ ಕಾಡು. ಸೌದೆಯನ್ನು ಗಾಳಿ ಸೋಕದ ಪಾತ್ರೆಯಲ್ಲಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬರುವ ಹೊಗೆಯನ್ನು ತಣಿಸಿದರೆ ಟಾರು, ಮರದ ಮದ್ಯಸಾರ, ಅಸಿಟಿಕ್ ಆಮ್ಲ ದೊರೆಯುತ್ತವೆ. ಆ ಆಮ್ಲಕ್ಕೆ ಸುಣ್ಣವನ್ನು ಕೂಡಿಸಿದರೆ ಬರುವ ಲವಣದಿಂದ ಅಸಿಟೋನ್ ತೆಗೆಯಬಹುದು. ಬ್ರಿಟಿಷರ ಫಿರಂಗಿಗಳಿಗೆ ಬೇಕಾದ ಕಾರ್ಡೈಟ್ ಮದ್ದಿನ ತಯಾರಿಕೆಗೆ ಅಸಿಟೋನ್ ಅವಶ್ಯ. 1915ರಲ್ಲಿ ಅದರ ಅಭಾವವು ಲಂಡನ್ನಿನ ಮಂತ್ರಿಗಳನ್ನೇ ಕಂಗೆಡಿಸಿತ್ತು. ಹೊಗೆಯೂ ಹಣವಾಗುವ ಕಾಲವದು! ಕಾರ್ಖಾನೆಯ ಲೆಕ್ಕಪತ್ರ ಲಾಭದಾಯಕವಾಗಿ ಕಂಡುದರಲ್ಲಿ ಆಶ್ಚರ್ಯವೇನು?

1918ರಲ್ಲಿ ನಿರ್ಧಾರವಾಯಿತು, ಅದೇ ವರ್ಷ ಯುದ್ಧವೂ ಮುಗಿಯಿತು. 1923ರಲ್ಲಿ ಕುಲುಮೆಯಿಂದ ಬೀಡುಕಬ್ಬಿಣ ಹರಿಯುವ ವೇಳೆಗೆ ಪೇಟೆಯ ಬೆಲೆಯೇ ಇಳಿದಿತ್ತು. ಯೋಜಕರನ್ನು ಹಳಿಯುವವರು ಆಗ ಬಹಳ ಮಂದಿ. ನಮಗಾದರೋ ಆ ನಿಂದೆ ಪೂರ್ತಿ ನ್ಯಾಯವೆಂದು ತೋರುವುದಿಲ್ಲ. ಯುದ್ಧದ ಬೆಲೆಯನ್ನು ನಂಬಿದ್ದು ತಪ್ಪಿರಬಹುದು, ಸ್ವಂತ ಕಬ್ಬಿಣ ಬೇಕೆಂದದ್ದು ತಪ್ಪಲ್ಲ. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ 1923ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷತೆಗೆ ಕರೆಯಬೇಕಾಯಿತು. ಅವರು 1929ರ ವರೆಗೆ ವೆಚ್ಚವನ್ನು ತಗ್ಗಿಸುತ್ತ, ನಮ್ಮವರನ್ನೇ ಕೆಲಸಕ್ಕೆ ಪಳಗಿಸುತ್ತ ಕಾರ್ಖಾನೆಯನ್ನು ನಿಲ್ಲಿಸಿಕೊಂಡರು.

1936ರಲ್ಲಿ ಉಕ್ಕಿನ ತಯಾರಿಕೆಯೂ ಮೊದಲಾಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಎರಡನೆಯ ಮಹಾಯುದ್ಧ. ಹಡಗುಗಳು ಮತ್ತೆ ದುರ್ಲಭವಾದವು. ಕರಗಿದ ಉಕ್ಕಿನಲ್ಲಿ ಉಳಿದ ಆಮ್ಲಜನಕವನ್ನು ತೆಗೆಯಲು ಬೇಕಾದ ಫೆರೋಸಿಲಿಕಾನನ್ನು ಈ ಸಲ ಭದ್ರಾವತಿಯವರು ತಾವೇ ತಯಾರಿಸಿದರು.