ಓದುತ್ತಿರುವವರು…

ಶಾಲೆಯ ನಾಟಕದಲ್ಲಿ ನನಗೆ ಸಿಕ್ಕಿದ್ದು ಒಂದೇ ಮಾತಿನ ಪಾತ್ರ, ಅದೂ ಪರದೆಯ ಹಿಂದೆ. ತಗಡಿನ ಡಬ್ಬಕ್ಕೆ ಬಾಯಿಟ್ಟು, ತಂಗಿಯ ಎಂಟನೆಯ ಮಗುವಿನ ಸುದ್ದಿಯನ್ನು ಕಂಸನಿಗೆ ಹೇಳಬೇಕು. ಮೇಷ್ಟ್ರ ಚೀಟಿಯಲ್ಲಿ ನನ್ನ ಹೆಸರಿನ ಮುಂದೆ ‘ಆಕಾಶವಾಣಿ’ ಎಂದಿತ್ತು. ಕಂಸನ ಮನೆಯಲ್ಲೂ ರೇಡಿಯೊ ಇತ್ತೆಂದು ನಾನು ಬಹಳ ದಿನ ನಂಬಿದ್ದೆ.

ಪದ ರೇಡಿಯೊಗಿಂತ ಎಷ್ಟೋ ಹಳೆಯದು. ಅದರ ಒಡಹುಟ್ಟು ‘ಅಶರೀರವಾಣಿ’: ಮೈಯಿಲ್ಲದ ಮಾತು. ಪುರಾಣಗಳಲ್ಲಿ ಅದು ಬರುವ ಹೊತ್ತು ನೋಡಿ, ದೊರೆಗೆ ಬೇಡವಾದಾಗಲೇ ಬರುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆ ಮಗನ ಕೈಹಿಡಿದು ಆಸ್ಥಾನಕ್ಕೆ ಬಂದರೆ, ದುಷ್ಯಂತ ಗುರುತೇ ಇಲ್ಲವೆನ್ನುತ್ತಾನೆ. ಇಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅವು ಕಾಳಿದಾಸನ ನಾಟಕದವು. ಈ ರಾಜ ಗೊತ್ತಿದ್ದೇ ಸುಳ್ಳು ಹೇಳುತ್ತಾನೆ. ಆಗ ಮಂತ್ರಿ ಪುರೋಹಿತರೆಲ್ಲ ಕೇಳುವಂತೆ ಆಕಾಶದಿಂದ ಮಾತು ಬರುತ್ತದೆ: ಮಗ ನಿನ್ನವನೇ. ದುಷ್ಯಂತನ ಸಮಜಾಯಿಷಿ ಇನ್ನೂ ಸೊಗಸು. ನನಗೂ ಗೊತ್ತಿತ್ತು, ಜನ ಶಂಕಿಸಬಾರದೆಂದು ಹಾಗೆಂದೆ, ಅನ್ನುತ್ತಾನೆ. ಇಂದಿನ ಪತ್ರಿಕಾಗೋಷ್ಠಿಗೂ ಸಲ್ಲುವ ಮಾತು.

ಈ ಪದಕ್ಕೆ ಮೈ ಬಂದದ್ದು ಮೈಸೂರಿನಲ್ಲಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಶುರುಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್, ಆಗಿನ ಕಾಲದ ಬಚ್ಚಲುಮನೆ ಬಲ್ಬಿಗೂ ಸಾಲದಷ್ಟು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂಬ ಮಾತು ಪ್ರಚಲಿತವಾಗಿದೆ. ಹಾಸ್ಯ ಬರೆಯುತ್ತಿದ್ದವರಿಗೆ ಇಂಥ ಗಂಭೀರ ಪದ ಹೊಳೆದದ್ದು ನನಗೆ ಇಷ್ಟ. ಅಚ್ಚಗನ್ನಡದ ‘ಬಾನುಲಿ’ ಕಿವಿಗೆ ಇನ್ನೂ ಹಿತ. ಆದರೆ ಅದು ನಾಟಕ, ಕವಿತೆಗಳ ಜೊತೆ ಉಳಿಯಿತು, ಸುದ್ದಿಯ ಬಾಗಿಲು ದಾಟಲಿಲ್ಲ.

ಮನೆಯ ಪದ ಮೊದಲು ಸಂಸ್ಥಾನದ ಸುಪರ್ದಿಗೆ ಹೋಯಿತು, 1950ರ ದಶಕದಲ್ಲಿ ದೇಶದ್ದಾಯಿತು. ತಮಿಳರು ಒಪ್ಪಲಿಲ್ಲ, ಅವರಿಗೆ ‘ವಾನೊಲಿ’ಯೇ ಬೇಕಿತ್ತು. ಮೈಯ ಜೊತೆ ಒಡೆಯನೂ ಬಂದ. 1975ರ ಜೂನ್ 26ರ ಬೆಳಿಗ್ಗೆ ತುರ್ತುಪರಿಸ್ಥಿತಿಯನ್ನು ಜನ ಕೇಳಿದ್ದು ಪ್ರಧಾನಿಯ ದನಿಯಲ್ಲೇ, ಇದೇ ರೇಡಿಯೊದಿಂದ. ಆಕಾಶದಿಂದ ಈ ಸಲ ಮಾತಾಡಿದ್ದು ಸಿಂಹಾಸನವೇ. ಸಂಸ್ಕೃತ ನಾಟಕದಲ್ಲಿ ‘ಆಕಾಶಭಾಷಿತ’ ಎಂಬ ತಂತ್ರವಿದೆ: ನಟ ಶೂನ್ಯದ ಕಡೆ ತಿರುಗಿ ‘ಏನೆಂದೆ?’ ಎಂದು ಕೇಳಿ, ಉತ್ತರವನ್ನೂ ತಾನೇ ಹೇಳಿಕೊಳ್ಳುತ್ತಾನೆ. ಆ 21 ತಿಂಗಳಿಗೆ ಆ ಹೆಸರೇ ಸರಿ.

ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸ್ವಾಯತ್ತತೆಗೆಂದು 1990ರಲ್ಲೇ ಆಗಿದ್ದ ಪ್ರಸಾರ ಭಾರತಿ ಕಾಯ್ದೆ ಜಾರಿಗೆ ಬಂದದ್ದು 1997ರಲ್ಲಿ. ಹಣದ ಚೀಲದ ದಾರ ಮಾತ್ರ ಇನ್ನೂ ದೆಹಲಿಯಲ್ಲೇ ಇದೆ.

ಇಷ್ಟಾದರೂ ಆ ಪೆಟ್ಟಿಗೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅಜ್ಜನಿಗೆ ಪೇಟೆ ಧಾರಣೆ ತಿಳಿಯುತ್ತಿದ್ದದ್ದು ಅದರಿಂದಲೇ. ಕೊಬ್ಬರಿ ಕ್ವಿಂಟಲಿಗೆ ಎಷ್ಟೆಂದು ಬೀಡಿಕಟ್ಟಿನ ಮೇಲೆ ಬರೆದುಕೊಂಡು ಹೋದರೆ, ಮಂಡಿ ಸಾಹುಕಾರ ಅಂದು ಕಡಿಮೆ ದರ ಹೇಳುವ ಮುಂಚೆ ಎರಡು ಸಲ ಯೋಚಿಸುತ್ತಿದ್ದ. ದುಷ್ಯಂತನ ಆಸ್ಥಾನದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ.

ಧಾರಣೆಗೆ ಮುಂಚೆ ವಾರ್ತೆ. ‘ಓದುತ್ತಿರುವವರು…’ ಎಂದು ಒಂದು ಹೆಸರು ಬರುತ್ತಿತ್ತು. ಅಶರೀರವಾಣಿ ತನ್ನ ಹೆಸರು ಹೇಳಿಕೊಳ್ಳುವುದು ಅದೊಂದು ಗಳಿಗೆಯಲ್ಲಿ. ಅಜ್ಜ ಎಲೆಗೆ ಸುಣ್ಣ ಸವರುತ್ತ ಪ್ರತಿದಿನ ಕೇಳುತ್ತಿದ್ದರು: “ಓದೋರು ಗೊತ್ತಾಯ್ತು ಕಣಪ್ಪ, ಬರೆದೋರು ಯಾರಂತೆ?”