ಮಕ್ಕಳ ಕಳ್ಳರ ವದಂತಿ (ಕನ್ನಡ–ಮರಾಠಿ ಗಡಿನಾಡು)

ಊರಿಗೆ ಮಕ್ಕಳನ್ನು ಕದ್ದೊಯ್ಯುವ ತಂಡ ಬಂದಿದೆ ಎಂದು ಮುಖ್ಯವಾಗಿ ವಾಟ್ಸ್‌ಆ್ಯಪ್ ಮೂಲಕ ಹಬ್ಬಿದ ಸುಳ್ಳು ಸುದ್ದಿ. 2018ರಲ್ಲಿ ಇದು ದೇಶದ ಹಲವು ರಾಜ್ಯಗಳಲ್ಲಿ ಗುಂಪುಹತ್ಯೆಗೆ ಕಾರಣವಾಯಿತು. ಸೊಲ್ಲಾಪುರ, ಬೀದರ, ಸಾಂಗ್ಲಿಯ ಗಡಿಸೀಮೆಗೆ ಇದರ ಪೆಟ್ಟು ಎರಡು ಬಗೆಯಲ್ಲಿ ಬಿತ್ತು: ಇಲ್ಲಿಂದ ಹೋದವರು ಬೇರೆ ಕಡೆ ಸತ್ತರು, ಬೇರೆ ಕಡೆಯಿಂದ ಬಂದವರು ಇಲ್ಲಿ ಏಟು ತಿಂದರು.

2018ರ ಜುಲೈ 1, ಭಾನುವಾರ, ಧುಳೆ ಜಿಲ್ಲೆ ಸಾಕ್ರಿ ತಾಲ್ಲೂಕಿನ ರಾಯಿನಪಾಡಾದಲ್ಲಿ ಸಂತೆ. ಬಸ್ಸಿಳಿದು ಬಂದ ಐವರು ನಾಥಪಂಥಿ ಡವರಿ ಗೋಸಾವಿಗಳು. ಭಿಕ್ಷೆ ಬೇಡುತ್ತ ಊರೂರು ತಿರುಗುವ ಅಲೆಮಾರಿ ಸಮುದಾಯದವರು. ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನವರು. ಅವರಲ್ಲೊಬ್ಬ ಸಣ್ಣ ಹುಡುಗಿಯನ್ನು ಮಾತಾಡಿಸಿದ್ದೇ ನೆಪವಾಯಿತು. ಜನ ಮುತ್ತಿಕೊಂಡರು, ಗ್ರಾಮ ಪಂಚಾಯತಿ ಕೋಣೆಯಲ್ಲಿ ಕೂಡಿಹಾಕಿ ಬಡಿದರು. ಐವರೂ ಸತ್ತರು. ಬಡಿಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದವರೂ ಇದ್ದರು. ಬಂಧನಗಳಿಗೆ ಪೊಲೀಸರಿಗೆ ನೆರವಾದದ್ದು ಆ ವಿಡಿಯೊಗಳೇ.

ಹನ್ನೆರಡು ದಿನದ ಮೇಲೆ, ಜುಲೈ 13ರಂದು, ಬೀದರ ಜಿಲ್ಲೆಯಲ್ಲಿ ಅದೇ ಕಥೆ. ಹೈದರಾಬಾದಿನಿಂದ ಬಂದಿದ್ದ ಗೆಳೆಯರಲ್ಲಿ ಕತಾರ್ ದೇಶದವನೊಬ್ಬ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದ. ತಕರಾರು ಎದ್ದು ಅವರು ಕಾರಿನಲ್ಲಿ ಹೊರಟರೆ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುಂದಿನ ಊರಿಗೆ ಅವರಿಗಿಂತ ಮೊದಲೇ ತಲುಪಿತ್ತು. ಮುರ್ಕಿಯಲ್ಲಿ ದಾರಿ ಕಟ್ಟಿದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಉಳಿದವರನ್ನು ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಬಂಧಿತರಲ್ಲಿ ಗುಂಪಿನ ಅಡ್ಮಿನ್ ಒಬ್ಬನಿದ್ದ. ಇದಕ್ಕೂ ಮೊದಲು ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಇದೇ ಗುಮಾನಿಯ ಮೇಲೆ ಕೊಂದಿದ್ದರು.

ಆ ದಿನಗಳಲ್ಲಿ ಹರಿದಾಡಿದ ವಿಡಿಯೊಗಳಲ್ಲಿ ಒಂದು ಕರಾಚಿಯದು. ಬೈಕಿನಲ್ಲಿ ಬಂದವರು ಆಡುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ರೋಶನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಯ ಜಾಗೃತಿ ಜಾಹೀರಾತು ಅದು. ಕೊನೆಯ ಭಾಗ ಕತ್ತರಿಸಿದ್ದೇ ತಡ, ನಿಜವಾದ ಅಪಹರಣವಾಗಿ ಕಂಡಿತು. ಮಕ್ಕಳನ್ನು ಕಾಯಲು ಮಾಡಿದ ಚಿತ್ರವೇ ಕೊಲ್ಲಲು ಪುರಾವೆಯಾಯಿತು.

ಗಡಿನಾಡಿನಲ್ಲಿ ಇಂಥ ಸುದ್ದಿಗೆ ಕಾಲು ಹೆಚ್ಚು. ದಕ್ಷಿಣ ಸೊಲ್ಲಾಪುರದ ಕಂದಲಗಾಂವದಂಥ ಹಳ್ಳಿಗಳಲ್ಲೂ ಅಕ್ಕಲಕೋಟೆ ಸೀಮೆಯಲ್ಲೂ ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿವೆ. ಬೀಗರು ವಿಜಯಪುರ, ಕಲಬುರಗಿ ಕಡೆಗೂ ಇದ್ದಾರೆ. ಠಾಣೆಯ ಸರಹದ್ದು ರಾಜ್ಯದ ಗಡಿಗೆ ಮುಗಿಯುತ್ತದೆ, ಬೀಗರ ಗುಂಪಿಗೆ ಬಂದ ಮೆಸೇಜು ಮುಗಿಯುವುದಿಲ್ಲ. ಅದರಲ್ಲೂ ಕಳಿಸಿದವರು ನಮ್ಮವರೇ ಆದ್ದರಿಂದ ಯಾರೂ ಪ್ರಶ್ನಿಸುವುದಿಲ್ಲ.

ತಡೆಯುವ ಪ್ರಯತ್ನಗಳೂ 2018ರ ಜುಲೈನಲ್ಲೇ ಶುರುವಾದವು. ವಾಟ್ಸ್‌ಆ್ಯಪ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು, ‘ಫಾರ್ವರ್ಡೆಡ್’ ಎಂಬ ಗುರುತು ತಂದಿತು, ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಹಾಕಿತು. 2019ರಲ್ಲಿ ಆ ಮಿತಿ ಜಗತ್ತಿಗೆಲ್ಲ ಅನ್ವಯಿಸಿತು. 2020ರ ಏಪ್ರಿಲ್‌ನಲ್ಲಿ, ತೀರಾ ಹರಿದಾಡಿದ ಮೆಸೇಜಿಗೆ ಒಂದೇ ಕಡೆ ಎಂದಾಯಿತು. ಇಂಥ ಫಾರ್ವರ್ಡ್‌ಗಳು ಶೇ 70ರಷ್ಟು ಇಳಿದವು ಎಂದು ಕಂಪನಿ ಹೇಳಿಕೊಂಡಿದೆ. 2018ರ ಜುಲೈ 17ರಂದೇ ಸುಪ್ರೀಂ ಕೋರ್ಟ್, ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ, ಗುಂಪುಹಿಂಸೆ ತಡೆಗೆ ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ನೋಡಲ್ ಅಧಿಕಾರಿ ಇರಬೇಕೆಂದಿತು.

ವೇಗ ಇಳಿಸಿದ್ದು ಸರಿಯೇ. ಆದರೆ ಅಪರಿಚಿತರ ಮೇಲಿನ ಅನುಮಾನ ಫೋನಿಗಿಂತ ಹಳೆಯದು. 2022ರ ಸೆಪ್ಟೆಂಬರ್‌ನಲ್ಲಿ ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳು ಸಾಂಗ್ಲಿ ಜಿಲ್ಲೆ ಜತ್ತ ತಾಲ್ಲೂಕಿನ ಲವಂಗಾದಲ್ಲಿ ಹುಡುಗನೊಬ್ಬನಿಗೆ ದಾರಿ ಕೇಳಿದರು. ಅಷ್ಟಕ್ಕೇ ಬಡಿಗೆಯ ಏಟು ಬಿತ್ತು. ಜತ್ತವೂ ಕನ್ನಡದ ಸೀಮೆಯೇ. ಗೋಸಾವಿ, ಸಾಧು, ಪ್ರವಾಸಿ: ಪೆಟ್ಟು ತಿಂದವರೆಲ್ಲ ದಾರಿಹೋಕರು, ಊರಲ್ಲಿ ‘ಇವರು ನಮಗೆ ಗೊತ್ತು’ ಎನ್ನುವವರಿಲ್ಲದವರು.

ಅನುಮಾನ ಬಂದರೆ ಕರೆಯಬೇಕಾದ ಸಂಖ್ಯೆ ಗಡಿಯ ಎರಡೂ ಬದಿಗೆ ಒಂದೇ: ಪೊಲೀಸರಿಗೆ 112, ಮಕ್ಕಳ ಸಹಾಯವಾಣಿಗೆ 1098.